ಸೈರನ್ ಯಾರಿಗೆ ಸಲ್ಲಬೇಕು?

ಹಿರಿಯೂರು ತಾಲೂಕಿನ ಹೆದ್ದಾರಿ ಬೆಂಕಿಯ ಕಹಿ ನೆನಪುಗಳನ್ನು ಹೊತ್ತಿದೆ. 2014ರ ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಮೇಟಿಕುರ್ಕೆ ಬಳಿ ಹೊತ್ತಿ ಉರಿದು ಆರು ಮಂದಿ ಸತ್ತರು. 2020ರ ಆಗಸ್ಟ್‌ನಲ್ಲಿ ವಿಜಯಪುರದಿಂದ ಬರುತ್ತಿದ್ದ ಇನ್ನೊಂದು ಬಸ್ಸು ಇದೇ ತಾಲೂಕಿನಲ್ಲಿ ಉರಿಯಿತು. ಸತ್ತ ಐವರಲ್ಲಿ ಮಕ್ಕಳೂ ಇದ್ದರು. ಬಸ್ಸೊಂದು ಬೂದಿಯಾಗಲು ಕೆಲವೇ ನಿಮಿಷ ಸಾಕು. ಅಷ್ಟರಲ್ಲಿ ತಲುಪಬಲ್ಲವರು ಹಿಂದೆ ಬರುವ ಲಾರಿಯವರು, ಅಕ್ಕಪಕ್ಕದ ಹಳ್ಳಿಯವರು. ಹೊಸದುರ್ಗ, ಹೊಳಲ್ಕೆರೆಯ ಕಡೆ ಬೇಸಿಗೆಯಲ್ಲಿ ತೋಟಕ್ಕೋ ಹುಲ್ಲಿನ ಬಣವೆಗೋ ಕಿಡಿ ಬಿದ್ದಾಗಲೂ ಅಷ್ಟೇ. ತಾಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಬರುವ ಮೊದಲು ಕೊಡ ಹಿಡಿದು ಓಡುವವರು ನೆರೆಯವರೇ.

ಹಾಗಾದರೆ ಇಂಥ ಸ್ವಯಂಸೇವಕರ ಸ್ವಂತ ವಾಹನಕ್ಕೆ ದೀಪ, ಸೈರನ್ ಕೊಡಬಾರದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಸ್ವಲ್ಪ ಚರಿತ್ರೆಯತ್ತ ನೋಡೋಣ.

ಇಸ್ತಾಂಬುಲ್‌ನಲ್ಲಿ 1720ರಲ್ಲಿ ಪಂಪು ಹೊರುವ ಅಗ್ನಿಶಾಮಕ ಪಡೆಯೊಂದು ಹುಟ್ಟಿತು. ಮುಂದೆ ಮೊಹಲ್ಲಾಗಳ ಯುವಕರೇ ತಂಡ ಕಟ್ಟಿ, ಪಂಪನ್ನು ಹೆಗಲ ಮೇಲೆ ಹೊತ್ತು ಕೂಗುತ್ತಾ ಓಡುತ್ತಿದ್ದರು. ಅವರ ಕಂಠವೇ ಸೈರನ್. ಬೆಯಾಜಿತ್ ಗೋಪುರದಿಂದ ಹಗಲು ಬುಟ್ಟಿ, ರಾತ್ರಿ ದೀಪ ತೂಗಿಸಿ ಬೆಂಕಿಯ ಸುದ್ದಿ ತಿಳಿಸುತ್ತಿದ್ದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯರೊಡನೆ ಸ್ವಯಂಸೇವಕ ಅಗ್ನಿಶಾಮಕ ಸಂಘ ಕಟ್ಟಿದರು. ಆ ಪರಂಪರೆ ಅಲ್ಲಿ ಇಂದಿಗೂ ಜೀವಂತ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕರು ಸ್ವಂತ ಕಾರಿಗೆ ನೀಲಿ ದೀಪ ಹಾಕಿಕೊಳ್ಳಬಹುದು. ಆದರೆ ಅದು ದಾರಿ ಬಿಡಿರೆಂಬ ವಿನಂತಿ ಮಾತ್ರ. ಸಂಚಾರ ನಿಯಮ ಮುರಿಯುವ ಪರವಾನಗಿಯಲ್ಲ.

ನಮ್ಮಲ್ಲಿ ದಾರಿ ಬಿಡಿಸುವ ಸದ್ದಿಗೆ ಬೇರೆಯೇ ಚರಿತ್ರೆಯಿದೆ. ದೊರೆಗಳ ಸವಾರಿ ಬಂದಾಗ ಕೊಂಬು ಕಹಳೆ ಮೊಳಗುತ್ತಿತ್ತು, ಜನ ಬದಿಗೆ ಸರಿಯುತ್ತಿದ್ದರು. ಅರಸೊತ್ತಿಗೆ ಹೋಯಿತು, ಕಹಳೆಯ ಜಾಗಕ್ಕೆ ಕೆಂಪು ದೀಪ ಬಂತು. ಬೆಂಕಿ ಆರಿಸುವ ಗಾಡಿಗೂ ಗಣ್ಯರ ಕಾರಿಗೂ ವ್ಯತ್ಯಾಸ ಕಾಣದಷ್ಟು ಅದು ಹಬ್ಬಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಚಾಳಿಗೆ ಕಡಿವಾಣ ಹಾಕಿತು. 2017ರ ಮೇ 1ರಿಂದ ಮಂತ್ರಿಗಳ ಕಾರುಗಳ ಮೇಲಿನ ದೀಪವೂ ಇಳಿಯಿತು. ಈಗ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್, ವಿಪತ್ತು ನಿರ್ವಹಣೆಯಂಥ ತುರ್ತು ಕರ್ತವ್ಯದ ವಾಹನಗಳಿಗೆ ಮಾತ್ರ ಆ ಸೌಲಭ್ಯ. ಸ್ವಯಂಸೇವಕನೊಬ್ಬ ತನ್ನ ಬೈಕಿಗೆ ಸೈರನ್ ಕಟ್ಟಿಕೊಂಡರೆ ಅದು ಅಪರಾಧವೇ.

ಇದು ಅನ್ಯಾಯವೆಂದು ನಮಗೆ ಅನ್ನಿಸುವುದಿಲ್ಲ. ಸುಳ್ಳು ಸೈರನ್ ಕೇಳಿ ಕೇಳಿ ಜನರ ಕಿವಿ ಮಂದವಾದರೆ, ನಿಜವಾದ ಸೈರನ್ನಿಗೂ ಯಾರೂ ಸರಿಯುವುದಿಲ್ಲ. ಅದರ ಬೆಲೆ ತೆರುವವನು ಬೆಂಕಿಯೊಳಗೆ ಸಿಲುಕಿದವನು. 2019ರ ತಿದ್ದುಪಡಿಯ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೂ ದಾರಿ ತೆರೆಯುವುದು ದಂಡದ ಭಯವಲ್ಲ, ನಂಬಿಕೆ.

ಆದರೆ ಸೈರನ್ ಬೇಡವೆಂದ ಮಾತ್ರಕ್ಕೆ ಸ್ವಯಂಸೇವಕರೇ ಬೇಡವೆಂದಲ್ಲ. ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯಡಿ ಗೃಹರಕ್ಷಕ ದಳವಿದೆ. ಅಪಘಾತದಲ್ಲಿ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟಿಗೆ ಅಲೆಸಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿದೆ. ಹೆದ್ದಾರಿ ಬದಿಯ ಢಾಬಾ, ಪೆಟ್ರೋಲ್ ಬಂಕ್, ಪಂಕ್ಚರ್ ಅಂಗಡಿಗಳ ಹುಡುಗರಿಗೆ ಬಸ್ಸಿನ ತುರ್ತು ಬಾಗಿಲು ತೆರೆಯುವುದನ್ನು, ಗಾಜು ಒಡೆಯುವುದನ್ನು, ಸುಟ್ಟ ಗಾಯಕ್ಕೆ ತಣ್ಣೀರು ಹಾಕುವುದನ್ನು ಕಲಿಸಲು ಎಷ್ಟು ಹೊತ್ತು ಬೇಕು? ಮಸೀದಿ, ದೇವಸ್ಥಾನ, ಶಾಲೆಗಳ ಅಂಗಳದಲ್ಲೇ ಈ ಪಾಠ ನಡೆಯಬಹುದು.

ಬೆಂಕಿಗೆ ಓಡುವವನಿಗೆ ದೀಪ ಬೇಕಿಲ್ಲ, ತರಬೇತಿ ಬೇಕು. ಅವನ ಹಿಂದೆ ಬರುವ ಅಗ್ನಿಶಾಮಕ ಗಾಡಿಗೆ ದಾರಿ ಬೇಕು. ಮೊದಲನೆಯದನ್ನು ಸರಕಾರ ಕೊಡಲಿ. ಎರಡನೆಯದು ನಮ್ಮ ಕೈಯಲ್ಲೇ ಇದೆ.