ಬಾಗಿಲು ಮುಚ್ಚಿದ ಐದು ವರ್ಷ

ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ 1959ರಿಂದ 1964ರವರೆಗೆ ಒಂದು ಸರ್ಕಾರಿ ಶಾಲೆಯೂ ನಡೆಯಲಿಲ್ಲ. ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಾಗಿ ಬಂದಾಗ ಅಲ್ಲಿನ ಆಡಳಿತ ಶಾಲೆಗಳಿಗೆ ಬೀಗ ಹಾಕಿಬಿಟ್ಟಿತು.

ಜಗಳದ ಬೇರು ಫಾರ್ಮ್‌ವಿಲ್ ಪಟ್ಟಣದ ಮೋಟನ್ ಹೈಸ್ಕೂಲಿನಲ್ಲಿತ್ತು. 1939ರಲ್ಲಿ 180 ಕಪ್ಪು ವಿದ್ಯಾರ್ಥಿಗಳಿಗೆಂದು ಕಟ್ಟಿದ ಆ ಶಾಲೆಯಲ್ಲಿ 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. ಮಳೆ ಬಂದರೆ ಅವು ಸೋರುತ್ತಿದ್ದವು. ಆ ವರ್ಷದ ಏಪ್ರಿಲ್ 23ರಂದು ವಿದ್ಯಾರ್ಥಿಗಳು ಸುಳ್ಳು ಫೋನ್ ಕರೆಯೊಂದರಿಂದ ಪ್ರಿನ್ಸಿಪಾಲರನ್ನು ಹೊರಗೆ ಕಳಿಸಿ ಸಭೆ ಸೇರಿದರು. 16 ವರ್ಷದ ಬಾರ್ಬರಾ ಜಾನ್ಸ್ ಮಾತಾಡಿದಳು, ಶಾಲೆಗೆ ಶಾಲೆಯೇ ಮುಷ್ಕರಕ್ಕಿಳಿಯಿತು.

ಮೊದಲು ಅವರು ಕೇಳಿದ್ದು ಒಳ್ಳೆಯ ಕಟ್ಟಡ, ಅಷ್ಟೇ. ನೆರವಿಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮಾತ್ರ ಮೊಕದ್ದಮೆ ಹೂಡುತ್ತೇವೆಂದರು. ಪೋಷಕರು ಒಪ್ಪಿದರು. 1953ರಲ್ಲಿ ಕೌಂಟಿ ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿತಾದರೂ ದಾವೆ ನಿಲ್ಲಲಿಲ್ಲ. ಶಾಲೆಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮುಂದೆ ಬ್ರೌನ್ ಪ್ರಕರಣವೆಂದು ಒಟ್ಟುಗೂಡಿದ ಐದು ದಾವೆಗಳಲ್ಲಿ ಇದೂ ಒಂದು. ವಿದ್ಯಾರ್ಥಿಗಳೇ ಹಚ್ಚಿದ ಕಿಡಿಯಿಂದ ಹುಟ್ಟಿದ್ದು ಇದೊಂದೇ. 1954ರ ಮೇ 17ರಂದು ಸುಪ್ರೀಂ ಕೋರ್ಟ್ ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದಿತು. ಮರುವರ್ಷದ ಆದೇಶದಲ್ಲಿ ಜಾರಿಗೆ ಗಡುವನ್ನು ಮಾತ್ರ ಹಾಕಲಿಲ್ಲ. ಆ ಸಡಿಲವೇ ವಿರೋಧಿಗಳಿಗೆ ಅನುಕೂಲವಾಯಿತು. ಸೆನೆಟರ್ ಹ್ಯಾರಿ ಬರ್ಡ್ ವರ್ಜೀನಿಯಾದಲ್ಲಿ ಪ್ರತಿರೋಧದ ಮುಂದಾಳಾದ.

1959ರಲ್ಲಿ ಇನ್ನು ತಡಮಾಡುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದಾಗ ಕೌಂಟಿಯ ಆಡಳಿತ ಮಂಡಳಿ ಶಾಲೆಗಳಿಗೆ ಹಣ ಕೊಡಲು ನಿರಾಕರಿಸಿತು. ಕಾಗದದ ಮೇಲೆ ಇದು ಎಲ್ಲ ಮಕ್ಕಳಿಗೂ ಸಮಾನ. ಆದರೆ ಬಿಳಿಯರಿಗಾಗಿ ಖಾಸಗಿ ಅಕಾಡೆಮಿಯೊಂದು ಕೂಡಲೇ ತೆರೆಯಿತು, ಮುಂದೆ ಅದರ ಶುಲ್ಕಕ್ಕೆ ಸರ್ಕಾರದ ಅನುದಾನವೂ ತೆರಿಗೆ ರಿಯಾಯಿತಿಯೂ ಸಿಕ್ಕವು. ಸುಮಾರು 1,700 ಕಪ್ಪು ಮಕ್ಕಳಿಗೆ ಅಂಥ ದಾರಿ ಇರಲಿಲ್ಲ. ಕೆಲವರನ್ನು ಬೇರೆ ಊರುಗಳ ನೆಂಟರ ಮನೆಗೆ, ಅಪರಿಚಿತರ ಮನೆಗೆ ಕಳಿಸಲಾಯಿತು. ಚರ್ಚುಗಳ ನೆಲಮಾಳಿಗೆಯಲ್ಲಿ ಒಂದಿಷ್ಟು ಪಾಠ ನಡೆಯಿತು. ಎಷ್ಟೋ ಮಕ್ಕಳು ಹೊಲದ ಕೆಲಸಕ್ಕೆ ಹೋದರು. 1963ರ ಸೆಪ್ಟೆಂಬರಿನಲ್ಲಿ ಕೆನೆಡಿ ಸರ್ಕಾರದ ಬೆಂಬಲ ಮತ್ತು ದೇಣಿಗೆಯಿಂದ ಉಚಿತ ಶಾಲೆಗಳು ಆರಂಭವಾದವು.

ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಮಕ್ಕಳ ಹೆಸರಿನಲ್ಲಿ ಮುಂದುವರಿದ ದಾವೆಯ ತೀರ್ಪು 1964ರ ಮೇ 25ರಂದು ಬಂತು. ಶಾಲೆ ಮುಚ್ಚಿ ಖಾಸಗಿ ಶಾಲೆಗೆ ನೆರವು ನೀಡುವುದು ಸಮಾನ ರಕ್ಷಣೆಯ ಉಲ್ಲಂಘನೆ ಎಂದ ಸುಪ್ರೀಂ ಕೋರ್ಟ್, ಅಗತ್ಯಬಿದ್ದರೆ ತೆರಿಗೆ ವಿಧಿಸುವಂತೆಯೂ ಕೌಂಟಿಗೆ ಆದೇಶಿಸಬಹುದೆಂದಿತು. ಆ ವರ್ಷವೇ ಸರ್ಕಾರಿ ಶಾಲೆಗಳು ತೆರೆದವು. ಸೇರಿದವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಕ್ಕಳೇ. ಬಿಳಿಯರ ಮಕ್ಕಳು ಅಕಾಡೆಮಿಯಲ್ಲೇ ಉಳಿದರು.

ಶಾಲೆ ತಪ್ಪಿದವರ ಮುಂದಿನ ಓದಿಗೆಂದು ವರ್ಜೀನಿಯಾ ವಿದ್ಯಾರ್ಥಿವೇತನ ಘೋಷಿಸಿದ್ದು 2004ರಲ್ಲಿ. 1959ರಲ್ಲಿ ಏಳು ವರ್ಷದವರಾಗಿದ್ದ ಮಕ್ಕಳಿಗೆ ಆಗ ಐವತ್ತು ದಾಟಿತ್ತು.