ವಿಜ್ಞಾನದ ಮೇರೆ: ೧೮೭೨ರ ಒಂದು ಉಪನ್ಯಾಸ

ವಿಜ್ಞಾನಕ್ಕೆ ಮೇರೆಯುಂಟೆಂಬ ಮಾತು ಮತಾಚಾರ್ಯರಿಂದಲೋ ಕವಿಗಳಿಂದಲೋ ಬಂದುದೆಂಬ ಭಾವನೆ ನಮ್ಮ ತರಗತಿಗಳಲ್ಲಿ ರೂಢಮೂಲವಾಗಿದೆ. ಚರಿತ್ರೆ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ೧೮೭೨ನೆಯ ಆಗಸ್ಟ್ ೧೪ರಂದು ಲೈಪ್‌ಸಿಗ್ ನಗರದಲ್ಲಿ ನೆರೆದಿದ್ದ ಜರ್ಮನ್ ನಿಸರ್ಗಶಾಸ್ತ್ರಜ್ಞರ ಮತ್ತು ವೈದ್ಯರ ಸಮ್ಮೇಳನದಲ್ಲಿ ಈ ಮಾತನ್ನು ಮುಂದಿಟ್ಟವನು ಬರ್ಲಿನ್ ವಿಶ್ವವಿದ್ಯಾನಿಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಎಮಿಲ್ ಡು ಬ್ವಾ-ರೇಮೋನ್. ನರಸ್ನಾಯುಗಳಲ್ಲಿನ ವಿದ್ಯುತ್ತನ್ನು ಅಳೆದು ತೋರಿಸಿದವನು ಆತ. ಜೀವಿಗಳಲ್ಲಿ ಭೌತ-ರಾಸಾಯನಿಕ ಶಕ್ತಿಗಳ ಹೊರತು ಬೇರೊಂದು ಪ್ರಾಣಶಕ್ತಿಯಿಲ್ಲವೆಂದು ೧೮೪೨ರಲ್ಲಿಯೇ ಗೆಳೆಯ ಬ್ರೂಕೆಯೊಡನೆ ಪಣತೊಟ್ಟವನು. ಇಂಥವನ ಬಾಯಿಂದ ಬಂದುದರಿಂದಲೇ ಆ ಮಾತಿಗೆ ತೂಕ ಬಂದಿತು.

ಆತನ ವಾದಸರಣಿಯನ್ನು ತುಸು ನಿಧಾನವಾಗಿ ನೋಡಬೇಕು. ಲಾಪ್ಲಾಸನು ೧೮೧೪ರಲ್ಲಿ ಒಂದು ಮಹಾಬುದ್ಧಿಯನ್ನು ಕಲ್ಪಿಸಿದ್ದನು. ಜಗತ್ತಿನ ಪ್ರತಿಯೊಂದು ಕಣದ ಸ್ಥಿತಿಯನ್ನೂ ಅದರ ಮೇಲೆ ವರ್ತಿಸುವ ಬಲಗಳನ್ನೂ ಬಲ್ಲ ಆ ಬುದ್ಧಿಗೆ ಭೂತಭವಿಷ್ಯತ್ತುಗಳೆರಡೂ ಕರತಲಾಮಲಕ. ಅಂಥ ಬುದ್ಧಿಯೊಂದಿದೆಯೆಂದೇ ಇಟ್ಟುಕೊಳ್ಳೋಣ ಎನ್ನುತ್ತಾನೆ ಡು ಬ್ವಾ-ರೇಮೋನ್. ಮೆದುಳಿನ ಕಣಗಳ ಚಲನೆಯನ್ನು ಅದು ಗ್ರಹಗತಿಯಷ್ಟೇ ನಿಷ್ಕೃಷ್ಟವಾಗಿ ಬಲ್ಲದು. ಆದರೂ ಆ ಚಲನೆ ನೋವಾಗಿ, ಗುಲಾಬಿಯ ಕಂಪಾಗಿ, ಕೆಂಪು ಬಣ್ಣವಾಗಿ ಏಕೆ ಅನುಭವಕ್ಕೆ ಬರುತ್ತದೆಂಬುದನ್ನು ಹೇಳಲಾರದು. ದ್ರವ್ಯ ಮತ್ತು ಶಕ್ತಿಗಳ ನಿಜಸ್ವರೂಪವೂ ಅದಕ್ಕೆ ಅಗೋಚರವೇ. 'ಇನ್ನೂ ತಿಳಿದಿಲ್ಲ' ಎಂಬುದು ಒಂದು, 'ಎಂದಿಗೂ ತಿಳಿಯಲಾರೆವು' ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳನ್ನು ಆತ ಎರಡನೆಯ ವರ್ಗಕ್ಕೆ ಸೇರಿಸಿದನು. ಜೀವದ ಉಗಮವನ್ನಾದರೋ ಹಾಗೆ ಸೇರಿಸಲಿಲ್ಲವೆಂಬುದನ್ನು ಆತನ ಹೆಸರೆತ್ತುವವರು ಹಲವುವೇಳೆ ಮರೆಯುತ್ತಾರೆ.

ಪ್ರತಿವಾದಗಳು ಹುಟ್ಟದಿರಲಿಲ್ಲ. ೧೮೯೯ರಲ್ಲಿ ಹೆಕೆಲನು ಒಂದು ಗ್ರಂಥವನ್ನೇ ಬರೆದನು. ೧೯೩೦ರ ಸೆಪ್ಟೆಂಬರ್ ೮ರಂದು ಕೋನಿಗ್ಸ್‌ಬರ್ಗಿನಲ್ಲಿ ಗಣಿತಜ್ಞ ಹಿಲ್ಬರ್ಟನು ತಿಳಿಯಲಾರದುದೆಂಬುದೇ ಇಲ್ಲವೆಂದು ಸಾರಿದನು. ಅದರ ಹಿಂದಿನ ದಿನವೇ, ಅದೇ ಊರಿನಲ್ಲಿ, ತರುಣ ಗ್ಯೋಡೆಲನು ಗಣಿತಪದ್ಧತಿಯೊಳಗೆ ಸತ್ಯವಾಗಿಯೂ ಅಲ್ಲಿಯೇ ಸಾಧಿಸಲಾಗದ ವಾಕ್ಯಗಳಿರಬಲ್ಲವೆಂದು ತಿಳಿಸಿದ್ದನು. ಚರಿತ್ರಕಾರನೊಬ್ಬನು ಇಂಥ ಕಾಕತಾಳೀಯವನ್ನು ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆದರೂ ಗ್ಯೋಡೆಲನ ಪ್ರಮೇಯವನ್ನು ಡು ಬ್ವಾ-ರೇಮೋನನ ಪಕ್ಷಕ್ಕೆ ಸಾಕ್ಷಿಯಾಗಿ ಎಳೆಯುವುದು ಅವಸರವೆಂದೇ ನಮ್ಮ ಅಭಿಪ್ರಾಯ. ಅದು ಸಾಧನೆಯ ಮಿತಿಯನ್ನು ಕುರಿತದ್ದು, ಇದು ಸಂವೇದನೆಯನ್ನು ಕುರಿತದ್ದು.

ಬಾಳಿನ ಅರ್ಥವೇನೆಂಬ ಪ್ರಶ್ನೆಗೆ ಆ ಉಪನ್ಯಾಸ ಉತ್ತರವನ್ನು ಕೊಡಹೊರಡಲಿಲ್ಲ. ಮೇರೆಯ ಆಚೆಗೇನಿದೆಯೆಂದು ವರ್ಣಿಸಹೊರಟವರು ತಮ್ಮ ಹೊಣೆಯ ಮೇಲೆಯೇ ವರ್ಣಿಸಬೇಕು. ದ್ರವ್ಯದ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರವು ಗುರುತೇ ಸಿಗದಂತೆ ಮಾರ್ಪಡಿಸಿತು. ಸಂವೇದನೆಯ ಪ್ರಶ್ನೆ ಮಾತ್ರ ಹಾಗೆ ಬದಲಾಗಲಿಲ್ಲ; ೧೯೯೫ರಲ್ಲಿ ತತ್ತ್ವಜ್ಞ ಡೇವಿಡ್ ಚಾಮರ್ಸ್ ಪ್ರಜ್ಞೆಯ 'ಕಠಿನ ಸಮಸ್ಯೆ' ಎಂದು ಹೆಸರಿಸಿದುದು ಬಹುಮಟ್ಟಿಗೆ ಲೈಪ್‌ಸಿಗ್ಗಿನ ಆ ಪ್ರಶ್ನೆಯನ್ನೇ. ಅದಕ್ಕೆ ಸರ್ವಸಮ್ಮತವಾದ ಉತ್ತರ ಇನ್ನೂ ದೊರೆತಿಲ್ಲ.