ಪರೀಕ್ಷೆ ಕಚೇರಿಗೆ ಸ್ವಾತಂತ್ರ್ಯ ಯಾಕೆ?

ವಿಶ್ವವಿದ್ಯಾಲಯ ಇರೋದು ಯಾತಕ್ಕೆ? ಪದವಿ ಕೊಡೋದಕ್ಕೆ ಅಂತ ಥಟ್ಟನೆ ಹೇಳಿಬಿಡಬಹುದು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಶುರುವಾದಾಗ ಅವುಗಳ ಕೆಲಸ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಪಾಠ ಕಾಲೇಜುಗಳದ್ದು, ಪರೀಕ್ಷೆ ಮತ್ತು ಸರ್ಟಿಫಿಕೇಟು ಇವರದ್ದು. ಇಂಥ ಪರೀಕ್ಷೆ ಕಚೇರಿಗೆ ಸ್ವಾತಂತ್ರ್ಯ ಇದ್ದರೇನು, ಇಲ್ಲದಿದ್ದರೇನು?

ಕಲ್ಕತ್ತಾದಲ್ಲಿ ಇದನ್ನು ಬದಲಿಸಿದವರು ಸರ್ ಆಶುತೋಷ್ ಮುಖರ್ಜಿ. ಗಣಿತ ಬಲ್ಲವರು, ಹೈಕೋರ್ಟ್ ನ್ಯಾಯಾಧೀಶರು. 1906ರಿಂದ 1914ರವರೆಗೆ, ಮತ್ತೆ 1921ರಿಂದ 1923ರವರೆಗೆ ವೈಸ್ ಚಾನ್ಸಲರ್. ತಾರಕನಾಥ ಪಾಲಿತ್, ರಾಸ್‌ಬಿಹಾರಿ ಘೋಷ್ ಎಂಬ ವಕೀಲರಿಬ್ಬರ ದಾನದಿಂದ 1914ರಲ್ಲಿ ವಿಜ್ಞಾನ ಕಾಲೇಜು ಶುರು ಮಾಡಿದರು. ಹಣಕಾಸು ಇಲಾಖೆಯಲ್ಲಿದ್ದ ಸಿ.ವಿ. ರಾಮನ್ 1917ರಲ್ಲಿ ಸರಕಾರಿ ನೌಕರಿ ಬಿಟ್ಟು ಇಲ್ಲಿಗೆ ಪ್ರೊಫೆಸರಾಗಿ ಬಂದರು. ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾಗೆ ಹೋದದ್ದೂ ಆಶುತೋಷರ ಕರೆಯ ಮೇಲೆಯೇ.

ಇಷ್ಟೆಲ್ಲ ಬೆಳೆಯುವಾಗ ಬೊಕ್ಕಸ ಬರಿದಾಯಿತು. 1922ರಲ್ಲಿ ಬಂಗಾಳ ಸರಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ಷರತ್ತುಗಳ ಪಟ್ಟಿಯೂ ಬಂತು! ಒಂದು ವಿಷಯ ಗಮನಿಸಿ. ಆಗ ಶಿಕ್ಷಣ ಖಾತೆ ಭಾರತೀಯ ಮಂತ್ರಿಯ ಕೈಯಲ್ಲಿತ್ತು. ಹಾಗಾಗಿ ಇದು ಬರೀ ಬಿಳಿಯರಿಗೂ ನಮ್ಮವರಿಗೂ ನಡೆದ ಜಗಳವಲ್ಲ.

ಡಿಸೆಂಬರಿನಲ್ಲಿ ಸೆನೆಟ್ ಸಭೆ ಸೇರಿದಾಗ ಆಶುತೋಷರು ಗುಡುಗಿದರು. ಹಣದ ಜೊತೆ ಗುಲಾಮಗಿರಿಯೂ ಬರುವುದಾದರೆ ಆ ಹಣವೇ ಬೇಡ, ಉಪವಾಸ ಇರುತ್ತೇವೆ, ಮನೆ ಮನೆಗೆ ಹೋಗಿ ಬೇಡುತ್ತೇವೆ ಎಂದರು. 1923ರಲ್ಲಿ ಗವರ್ನರ್ ಲಿಟನ್, ಸರಕಾರವನ್ನು ವಿರೋಧಿಸುವುದು ಬಿಟ್ಟರೆ ಇನ್ನೊಂದು ಅವಧಿ ಕೊಡುವುದಾಗಿ ಪತ್ರ ಬರೆದರು. ಆಶುತೋಷರು ಒಪ್ಪಲಿಲ್ಲ, ಹುದ್ದೆ ಹೋಯಿತು. ಮರುವರ್ಷ, 1924ರಲ್ಲಿ, ತೀರಿಕೊಂಡರು.

ಅವರದ್ದು ಬರೀ ಹಟ ಎನ್ನುವವರೂ ಇದ್ದಾರು. ತತ್ವದಿಂದ ಮೇಷ್ಟ್ರುಗಳ ಹೊಟ್ಟೆ ತುಂಬುತ್ತದೆಯೇ? ಜನರ ತೆರಿಗೆ ಹಣಕ್ಕೆ ಸರಕಾರ ಲೆಕ್ಕ ಕೇಳುವುದು ತಪ್ಪೇ? ಖಂಡಿತ ತಪ್ಪಲ್ಲ. ಲೆಕ್ಕ ಕೇಳಲಿ. ಆದರೆ ಲಿಟನ್ನರ ಪತ್ರ ಕೇಳಿದ್ದು ಲೆಕ್ಕವನ್ನಲ್ಲ, ವಿಧೇಯತೆಯನ್ನು. ವ್ಯತ್ಯಾಸ ಇರುವುದೇ ಅಲ್ಲಿ.

1928ರಲ್ಲಿ ರಾಮನ್ ಬೆಳಕಿನ ಚದುರುವಿಕೆಯ ಬಗ್ಗೆ ತಮ್ಮ ಹೆಸರಾಂತ ಶೋಧ ಮಾಡಿದಾಗ ಪ್ರಯೋಗ ನಡೆದದ್ದು ಅದೇ ಊರಿನ ಬೇರೊಂದು ಸಂಸ್ಥೆಯಲ್ಲಿ. ಆದರೆ ಅವರು ಕೂತಿದ್ದು ಆಶುತೋಷರು ಕರೆದು ಕೊಟ್ಟ ಪ್ರೊಫೆಸರ್ ಕುರ್ಚಿಯ ಮೇಲೆ. ಅಲ್ಲಿ ಏನು ಸಿಗುತ್ತದೆ ಅಂತ ಮೊದಲೇ ಹೇಳಬಲ್ಲ ಮಂತ್ರಿ ಯಾರಿದ್ದರು?

ಗೊತ್ತಿರುವುದನ್ನೇ ಒಪ್ಪಿಸಿ ಸರ್ಟಿಫಿಕೇಟು ಹಂಚುವುದಕ್ಕೆ ಅಪ್ಪಣೆ ಸಾಕು. ಗೊತ್ತಿಲ್ಲದ್ದನ್ನು ಹುಡುಕಲು ಸ್ವಾತಂತ್ರ್ಯ ಬೇಕು. ನಮ್ಮ ವಿಶ್ವವಿದ್ಯಾಲಯಗಳು ಇವೆರಡರಲ್ಲಿ ಯಾವ ಕೆಲಸ ಮಾಡಬೇಕು ಅಂತೀರಿ?